ಸರದಾರನ ಗೋದಲಿ

ನಾನು ಎತ್ತಿನ ಗೋದಲಿಯೊಳಗೆ ಬಿದ್ದ ಸುದ್ದಿ ನನಗಿಂತ ಮೊದಲೇ ಆಳಂದ ಮುಟ್ಟಿತ್ತು. ಪಕ್ಕೆ ಹಿಡಿದುಕೊಂಡು ಬಸ್ಸಿಳಿದು ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಒಂದು ಕೈಯಲ್ಲಿ ಅರಿಶಿನ ಹಾಕಿ ಕಾಸಿದ ಹಾಲು, ಇನ್ನೊಂದು ಕೈಯಲ್ಲಿ ಮುಲಾಮಿನ ಡಬ್ಬಿ. ನೋವು ಎಲ್ಲಿದೆ ಎಂದು ಕೇಳುವುದಕ್ಕೂ ಮುಂಚೆ ಅವಳು ಕೇಳಿದ್ದು ಬೇರೆ.

"ಗ್ವಾದ್ಲ್ಯಾಗ ಬಿದ್ದೀಯಂತಲ್ಲ, ಖರೆ ಏನ?"

"ಖರೆ ಯವ್ವಾ."

"ಕ್ರಿಸ್‌ಮಸ್ ಇನ್ನಾ ತಿಂಗಳದ. ಇಷ್ಟ್ಯಾಕ ಅವಸರ ಮಾಡ್ದಿ?"

ನಗು ಬಂತು. ನಗಲು ಹೋದರೆ ಪಕ್ಕೆಲುಬು ಚಳಕ್ ಎಂದಿತು. ನಕ್ಕದ್ದಕ್ಕೋ ನೋವಿಗೋ ಕಣ್ಣಲ್ಲಿ ನೀರೂ ಬಂತು. ಅವ್ವ ನನ್ನನ್ನು ಹಿಡಿದು ಕೂಡಿಸಿದಳು.

ನಾನು ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ. ಹಳ್ಳಿಯವರ ಬಾಯಲ್ಲಿ 'ಡಾಕ್ಟರ್ ಬಾಯಾರು'. ಆ ಚಳಿಗಾಲದಲ್ಲಿ ನನ್ನ ಪಾಲಿಗೆ ಬಿದ್ದದ್ದು ಚೌಡಾಪುರದಿಂದ ಅಫಜಲಪುರದ ಕಡೆಗೆ ಹೋಗುವ ದಾರಿಯ ಹಳ್ಳಿಗಳು. ಮನೆಮನೆಗೆ ಹೋಗಿ ಪ್ರತಿಯೊಂದು ಆಕಳು, ಎತ್ತು, ಎಮ್ಮೆಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕಬೇಕು. ಕಿವಿಯಲ್ಲಿ ಗುರುತಿನ ನಂಬರಿನ ಹಳದಿ ಬಿಲ್ಲೆ ಇಲ್ಲದಿದ್ದರೆ ಇಕ್ಕಳದಂಥ ಯಂತ್ರದಿಂದ ಅದನ್ನೂ ಹೊಡೆಯಬೇಕು.

ಹೇಳಲು ಸುಲಭ. ದನ ಹೊಲಕ್ಕೆ ಹೋಗುವ ಮೊದಲು ಹಳ್ಳಿ ಸೇರಬೇಕೆಂದರೆ ನಸುಕಿನಲ್ಲೇ ಆಸ್ಪತ್ರೆಯ ಫ್ರಿಜ್ ತೆಗೆದು ಲಸಿಕೆಯ ಬಾಟಲಿಗಳನ್ನು ಮಂಜುಗಡ್ಡೆ ಪ್ಯಾಕು ಜೋಡಿಸಿದ ಡಬ್ಬಿಯಲ್ಲಿ ಇಡಬೇಕು. ಪ್ಯಾಕಿಗೆ ನೇರ ತಾಗಿದರೆ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ, ಬಿಸಿಲು ತಾಗಿದರೆ ಕಾದು ಕೆಡುತ್ತದೆ. ನಡುವೆ ಒಂದು ಬಟ್ಟೆ ಸುತ್ತಿ, ಎಳೆಗೂಸನ್ನು ಊರಿಗೆ ಒಯ್ಯುವ ಹಾಗೆ ಒಯ್ಯಬೇಕು. ದನಕ್ಕೊಂದು ಹೊಸ ಸೂಜಿ. ಕುತ್ತಿಗೆಯ ಮಾಂಸದಲ್ಲಿ ಆಳಕ್ಕೆ ಚುಚ್ಚಬೇಕು, ಚುಚ್ಚಿ ತೆಗೆದ ಮೇಲೆ ಅಂಗೈಯಿಂದ ತಿಕ್ಕಬೇಕು. ಇಷ್ಟೆಲ್ಲ ಮಾಡುವಾಗ ದನವೂ ನಮ್ಮ ಜೊತೆ ಸಹಕರಿಸುತ್ತದೆ ಎಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಆದರೂ ನಾನು ಹಾಗೆ ಅಂದುಕೊಂಡುಬಿಟ್ಟಿದ್ದೆ.

ನನ್ನ ಜೊತೆಗಿದ್ದವರು ಆಸ್ಪತ್ರೆಯ ಸಹಾಯಕರು, ನಿವೃತ್ತಿ ಹತ್ತಿರ ಬಂದಿದ್ದ ಒಬ್ಬ ಮುಸಲ್ಮಾನ ಹಿರಿಯರು. ಎಲ್ಲರಿಗೂ ಚಾಚಾ. ಯಾವ ಹೋರಿಯ ಮುಂದೆಯೂ ಬೀಡಿ ಆರಿಸದೆ ನಿಲ್ಲುವ ಮನುಷ್ಯ ನಾಯಿ ಕಂಡರೆ ಮಾತ್ರ ನನ್ನ ಬೆನ್ನಿಗೆ ಬರುತ್ತಿದ್ದರು. ಮೊದಲ ದಿನವೇ ನಮ್ಮ ನಡುವೆ ಕರಾರಾಗಿತ್ತು: ಕೊಂಬಿದ್ದದ್ದು ಅವರಿಗೆ, ಬೊಗಳುವುದು ನನಗೆ.

ಆ ದಾರಿಯ ಒಂದು ಹಳ್ಳಿಯ ಗೌಡರ ಮನೆಯಲ್ಲಿ ಆ ಕರಾರು ಮುರಿದವಳು ನಾನು. ಆ ಕಡೆಯ ಹಳೆಯ ಮನೆಗಳ ಹಾಗೆಯೇ ಅದೂ. ದೊಡ್ಡ ಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ತಗ್ಗು ಜಾಗ, ಬಲಕ್ಕೆ ಮನುಷ್ಯರು ಕೂಡುವ ಎತ್ತರದ ಪಡಸಾಲೆ. ಎರಡರ ನಡುವೆ, ಪಡಸಾಲೆಗೆ ಅಂಟಿಕೊಂಡಂತೆ, ದನಕ್ಕೆ ಮೇವು ಹಾಕುವ ಕಲ್ಲಿನ ಗೋದಲಿ. ಎತ್ತು ಗೋದಲಿಗೆ ಬಾಯಿ ಹಾಕಿ ಮೇಯುತ್ತಿದ್ದರೆ ಅದರ ಎದುರಿಗೇ ಮನೆಯವರು ಪಡಸಾಲೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಾರೆ. ಒಂದೇ ಹೊತ್ತಿಗೆ ಊಟ, ಒಂದೇ ಸೂರು.

ಗೌಡರದು ಖಿಲಾರಿ ತಳಿಯ ಎತ್ತಿನ ಜೋಡಿ. ಒಂದು ಬೆಳ್ಳ್ಯಾ, ಬಲು ಸಾಧು. ಇನ್ನೊಂದು ಸರದಾರ. ಸರದಾರನ ಕೊಂಬುಗಳು ಹಿಂದಕ್ಕೆ ಬಾಗಿ ಮತ್ತೆ ಮೇಲಕ್ಕೆ ಎದ್ದು ನನ್ನ ಎತ್ತರ ಮೀರುತ್ತಿದ್ದವು. ಚಾಚಾ ಹೊರಗೆ ಎಮ್ಮೆಗೆ ಬಿಲ್ಲೆ ಹೊಡೆಯುತ್ತಿದ್ದರು. ಹೊತ್ತಾಗುತ್ತಿದೆ, ಒಂದನ್ನಾದರೂ ನಾನೇ ಮುಗಿಸಿಬಿಡೋಣ ಎಂದು ಸಿರಿಂಜು ತುಂಬಿಕೊಂಡು ಒಳಗೆ ಹೋದೆ.

ಆ ಮನೆಗಳಲ್ಲಿ ಒಂದು ಪದ್ಧತಿಯಿದೆ. ದನ ಕಟ್ಟಿದ ಜಾಗಕ್ಕೆ ಇಳಿಯುವ ಮೊದಲು ಬಾಗಿಲಲ್ಲಿ ನಿಂತು ಎತ್ತಿನ ಹೆಸರು ಹಿಡಿದು ಕೂಗಬೇಕು. ಸಾಕಿದ ಯಜಮಾನನೇ ಸಂತೆಯಿಂದ ಬಂದರೂ "ಸರದಾರಾ, ನಾ ಬಂದೇನಲೇ" ಎಂದು ಹೇಳಿಯೇ ಒಳಗೆ ಕಾಲಿಡುತ್ತಾನೆ. ನನಗೆ ಅದು ಗೊತ್ತಿರಲಿಲ್ಲ. ಆಳಂದದ ನಮ್ಮ ಮನೆಯಲ್ಲಿ ಕೋಳಿ ಬಿಟ್ಟರೆ ಇನ್ನೇನನ್ನೂ ಸಾಕಿರಲಿಲ್ಲ. ಗದ್ದಲ ಮಾಡಿದರೆ ದನ ಬೆದರುತ್ತದೆ ಎಂದು ಕಲಿತಿದ್ದ ನಾನು ಕಳ್ಳಿಯ ಹಾಗೆ ಸದ್ದಿಲ್ಲದೆ, ಹಿಂದಿನಿಂದ, ಸರದಾರನ ಮಗ್ಗುಲಿಗೆ ಸರಿದು ಕುತ್ತಿಗೆಗೆ ಕೈ ಹಾಕಿದೆ.

ಸರದಾರ ಕತ್ತು ತಿರುಗಿಸಿದ, ಅಷ್ಟೇ. ಕೊಂಬಿನ ಚೂಪಲ್ಲ, ಅದರ ಬದಿ ನನ್ನ ಪಕ್ಕೆಗೆ ಸಿಕ್ಕಿತು. ಆಮೇಲೆ ನೆಲ ಇರಲಿಲ್ಲ. ಕಣ್ಣು ಬಿಟ್ಟಾಗ ತೊಗರಿ ಹೊಟ್ಟಿನ ಮೇಲೆ ಅಂಗಾತ ಮಲಗಿದ್ದೆ. ಗೋದಲಿ ನನ್ನ ಅಳತೆಗೇ ಕಟ್ಟಿಸಿದಂತಿತ್ತು. ಮೇಲೆ ಸರದಾರನ ಮೂಗು. ಅವನ ಬಿಸಿ ಉಸಿರು ನನ್ನ ಮುಖದ ಮೇಲೆ. ಆ ಉಸಿರನ್ನು ನಾನು ಬಹಳ ದಿನ ಮರೆಯಲಿಲ್ಲ.

ಗೌಡರ ಹೆಂಡತಿ ಪಡಸಾಲೆಯಿಂದ ಓಡಿ ಬಂದು ಮೊದಲು ಚೀರಿದರು. ಆಮೇಲೆ ನಾನು ಉಸಿರಾಡುತ್ತಿರುವುದು ಕಂಡು ಸೆರಗು ಬಾಯಿಗಿಟ್ಟು ನಕ್ಕರು. ಚಾಚಾ ನನ್ನನ್ನು ಎತ್ತಿದರು. ಗೌಡರು ಮಾತ್ರ ನಗಲಿಲ್ಲ. ಸರದಾರನ ಮೂಗುದಾರ ಹಿಡಿದು ಬಿಳಿಚಿಕೊಂಡು ನಿಂತಿದ್ದರು.

ಎಲುಬು ಮುರಿದಿರಲಿಲ್ಲ. ಸ್ವಲ್ಪ ದಿನ ಮನೆಯಲ್ಲಿದ್ದು ಕೆಲಸಕ್ಕೆ ಮರಳಿದೆ. ಮೊದಲ ಮನೆಯಲ್ಲೇ ಗೊತ್ತಾಯಿತು, ನನ್ನೊಳಗೆ ಏನೋ ಮುರಿದಿದೆ ಎಂದು. ಅದು ಒಂದು ಮುದಿ ಆಕಳು, ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಅದರ ಪಕ್ಕ ನಿಂತದ್ದೇ ತಡ, ಅಂಗೈ ಬೆವರಿ ಸಿರಿಂಜು ಜಾರತೊಡಗಿತು. ಅಂದಿನಿಂದ ನೆಪ ಹುಡುಕುವುದೇ ನನ್ನ ಕೆಲಸವಾಯಿತು. ನಾನು ಸಿರಿಂಜು ತುಂಬಿಕೊಡುವುದು, ಮೊಬೈಲಿನಲ್ಲಿ ಬಿಲ್ಲೆಯ ನಂಬರು ಹಾಕುವುದು. ಚುಚ್ಚುವುದೆಲ್ಲ ಚಾಚಾ. ಅವರು ಬೈಯದೆ ಕೈ ಚಾಚಿ ಸಿರಿಂಜು ತೆಗೆದುಕೊಳ್ಳುತ್ತಿದ್ದರು. ಅದಕ್ಕೇ ಹೆಚ್ಚು ನಾಚಿಕೆಯಾಗುತ್ತಿತ್ತು.

ಹಳ್ಳಿಯವರು ಸುಮ್ಮನಿರಬೇಕಲ್ಲ. "ಗ್ವಾದ್ಲಿ ಬಾಯಾರು ಬಂದ್ರು, ದಾರಿ ಬಿಡ್ರಿ" ಎಂದು ಚಹಾದಂಗಡಿಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಭಾನುವಾರ ಸಭೆಗೆ, ಅಂದರೆ ನಮ್ಮ ಚರ್ಚಿಗೆ, ಹೋದರೆ ಅಲ್ಲೂ ಅದೇ. ಕ್ರಿಸ್‌ಮಸ್ ನಾಟಕ ಮಾಡಿಸುವ ಅಕ್ಕ ಎಲ್ಲರೆದುರು, "ಈ ವರ್ಷ ಗೋದಲಿಯಲ್ಲಿ ಮಲಗುವ ಕೂಸಿನ ಪಾತ್ರಕ್ಕೆ ಹುಡುಕಾಟವೇ ಬೇಡ" ಎಂದಳು. ನಾನೂ ನಕ್ಕೆ. ಮನೆಗೆ ಬಂದು ದೇವರೊಂದಿಗೆ ಜಗಳಾಡಿದೆ. ನಿನ್ನ ಸೃಷ್ಟಿಗೇ ತಾನೇ ಸೇವೆ ಮಾಡುತ್ತಿದ್ದೆ, ನೀನು ನೋಡುತ್ತ ಕೂತಿದ್ದೆಯಾ ಎಂದು ಕೇಳಿದೆ. ಆಮೇಲೆ ಚೌಕಾಸಿಗೆ ಇಳಿದೆ. ಸ್ವಾಮೀ, ಗೌಡರಿಗೆ ಒಳ್ಳೆಯ ಬುದ್ಧಿ ಕೊಟ್ಟು ಸರದಾರನನ್ನು ಮುಂದಿನ ದನದ ಸಂತೆಯಲ್ಲಿ ಮಾರಿಸಿಬಿಡು ಎಂದು ದಿನಾ ಬೇಡಿಕೊಂಡೆ. ಬಾಯಿಬಿಟ್ಟು, ಮೊಣಕಾಲೂರಿ, ಪೂರ್ತಿ ಭಕ್ತಿಯಿಂದ.

ಸರದಾರ ಮಾರಾಟವಾಗಲಿಲ್ಲ. ಬದಲಿಗೆ ಜೇವರ್ಗಿಯ ಕಡೆಯಿಂದ ಸುದ್ದಿ ಬಂತು. ಯಡ್ರಾಮಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ದನಗಳು ಜೊಲ್ಲು ಸುರಿಸುತ್ತಿವೆ, ಕಾಲೂರುತ್ತಿಲ್ಲ. ಕಾಲುಬಾಯಿ ಬೇನೆ ಅಲ್ಲಿಗೆ ಬಂದಿತ್ತು. ಹೊಳೆಯಾಚೆ ಬಂದದ್ದು ಈಚೆ ಬರಲು ಬಹಳ ಹೊತ್ತು ಬೇಡ. ಹೊಸ ವರ್ಷದ ಹೊತ್ತಿಗೆ ನಮ್ಮ ಕಡೆಯ ಎತ್ತಿನ ಗಾಡಿಗಳೆಲ್ಲ ಕಬ್ಬು ಹೇರಲು ಹೊರಡುತ್ತವೆ. ಸುತ್ತಲಿನ ತಾಲೂಕುಗಳ ಎತ್ತುಗಳು ಒಂದೇ ಸಾಲಿನಲ್ಲಿ ನಿಂತು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತವೆ. ಲಸಿಕೆಯ ಬಲ ಮೈಗೆ ಹತ್ತಲು ಎರಡು ಮೂರು ವಾರ ಬೇಕು. ಹಾಗಾಗಿ ಉಳಿದ ದನಕ್ಕೆಲ್ಲ ಈ ವಾರವೇ ಮುಗಿಸಿ ಎಂದು ನಮ್ಮ ಡಾಕ್ಟರ್ ಸಾಹೇಬರು ಹೇಳಿದರು.

ನನ್ನ ಪಾಲಿನ ಹಳ್ಳಿಗಳಲ್ಲಿ ಉಳಿದದ್ದು ಒಂದೇ ಜೋಡಿ. ಅದು ಯಾರದೆಂದು ಹೇಳಬೇಕಾಗಿಲ್ಲ.

ಗೌಡರು ನಮ್ಮ ಕೈಗೆ ಸಿಗುತ್ತಿರಲಿಲ್ಲ. ನಮ್ಮ ಬೈಕಿನ ಸದ್ದು ಊರ ಅಗಸಿ ಬಾಗಿಲಿಗೆ ಬಂದರೆ ಸಾಕು, ಜೋಡಿ ಹಿತ್ತಲ ದಾರಿಯಿಂದ ಹೊಲಕ್ಕೆ ಹೋಗಿರುತ್ತಿತ್ತು. ಕೊನೆಗೆ ಚಾಚಾ ಅವರನ್ನು ಬಾವಿಯ ಹತ್ತಿರ ಹಿಡಿದು ನಿಲ್ಲಿಸಿದರು.

"ಯಾಕ್ರಿ ಗೌಡ್ರ, ಸೂಜಿ ಎತ್ತಿಗ್ರಿ, ನಿಮಗಲ್ಲ. ನೀವ್ಯಾಕ ಓಡಾಕತ್ತೀರಿ?"

ಗೌಡರು ನನ್ನ ಮುಖ ನೋಡಲಿಲ್ಲ. "ಬಾಯಾರ, ನಮ್ ಸರದಾರ ಹಾಯೋ ಎತ್ತಲ್ರಿ. ಕರು ಇದ್ದಾಗಿಂದ ಯಾರಿಗೂ ಕೊಂಬು ಹಚ್ಚಿಲ್ರಿ. ಒಮ್ಮಿ ಹಾಯೋ ಎತ್ತಂತ ಹೆಸರು ಬಿತ್ತಂದ್ರ ಜೋಡಿಗಿ ಯಾರೂ ಕರಿಯಂಗಿಲ್ಲ, ಕಬ್ಬಿಗಿ ಹೋದ್ರ ಮಗ್ಗುಲಿಗಿ ಗಾಡಿ ಹಚ್ಚಂಗಿಲ್ಲ. ಮತ್ತ ನೀವು ಬಂದು, ಮತ್ತ ಅದು ಏನರ ಮಾಡಿದ್ರ ನಾ ಏನ್ ಮಾಡ್ಲಿರಿ?"

ಅವರಿಗೆ ನನ್ನ ಮೇಲೆ ಸಿಟ್ಟಿರಬಹುದು ಎಂದುಕೊಂಡಿದ್ದೆ. ಅದು ಸಿಟ್ಟಲ್ಲ. ನಾನು ಸರದಾರನಿಗೆ ಹೆದರಿದಷ್ಟೇ ಅವರು ನನಗೆ ಹೆದರಿದ್ದರು.

ಸಾಹೇಬರಿಗೆ ಫೋನು ಮಾಡಿದೆ. "ಆರೆಂಟು ಮಂದಿ ಹಿಡಿದು ಹಗ್ಗ ಹಾಕಿ ಕೆಡವಿರಿ, ಗೊರಸಿಗೆ ನಾಲು ಹೊಡೆಯುವಾಗ ಕೆಡವುವುದಿಲ್ಲವೇ? ಕೆಡವಿ ಚುಚ್ಚಿ, ಬಿಲ್ಲೆ ಹೊಡೆದು ಬನ್ನಿ" ಎಂದರು. ಅದು ಸರಿಯಾದ ದಾರಿಯೇ. ನಾಳೆಗೆ ಗೊತ್ತುಮಾಡಿದೆವು. ಹಗ್ಗ ಹಾಕುವವನು ಚಾಚಾ.

ಮರುದಿನ ಚಹಾದಂಗಡಿಯ ಮುಂದೆ ಚಾಚಾ ನಮ್ಮ ಕರಾರಿನ ಇನ್ನೊಂದು ತುದಿಗೆ ಸಿಕ್ಕಿಬಿದ್ದರು. ಬೆಂಚಿನ ಕೆಳಗೆ ಮಲಗಿದ್ದ ನಾಯಿಯ ಬಾಲದ ಮೇಲೆ ಕಾಲಿಟ್ಟರು. ನಾಯಿ ತನ್ನ ಕೆಲಸ ತಾನು ಮಾಡಿತು. ನಾನು ಗಾಯಕ್ಕೆ ಸಾಬೂನು ಹಚ್ಚಿ ನಳದ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವರನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಅಫಜಲಪುರದ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಅವರಿಗೆ ನಾಯಿಯದಲ್ಲ, ಸೂಜಿಯ ಚಿಂತೆ.

"ಬೇಟಾ, ಗುಳಿಗಿ ಇಲ್ಲೇನ ಇದಕ್ಕ?"

"ಇಲ್ರಿ ಚಾಚಾ. ಸೂಜೀನೇ."

"ಯಾ ಅಲ್ಲಾ."

ಇಷ್ಟು ವರ್ಷ ಊರೂರಿನ ದನಕ್ಕೆ ಸೂಜಿ ಚುಚ್ಚಿದ ಮನುಷ್ಯ ನರ್ಸಮ್ಮ ಬಂದೊಡನೆ ನನ್ನ ಕೈಯನ್ನು ಹಿಂಡಿಬಿಟ್ಟರು. ಅವರ ಅಂಗೈ ಬೆವರಿತ್ತು. ನನಗೆ ಆ ಬೆವರು ಚೆನ್ನಾಗಿ ಗೊತ್ತು. "ಚಾಚಾ, ನನ್ನ ಕಡಿ ನೋಡ್ರಿ. ನಿಮ್ ಮೊಮ್ಮಗಳು ಸಾಲ್ಯಾಗ ಯಾವ ಹಾಡು ಹೇಳಿದ್ಲಂದ್ರಿ?" ಎಂದು ಕೇಳಿದೆ. ಅವರು ಮುಖ ನನ್ನ ಕಡೆ ತಿರುಗಿಸಿ ಮೊಮ್ಮಗಳ ಮಾತು ತೆಗೆದರು. ಹಾಡಿನ ಹೆಸರು ನೆನಪಾಗುವಷ್ಟರಲ್ಲಿ ನರ್ಸಮ್ಮ ಹತ್ತಿ ಒತ್ತುತ್ತಿದ್ದರು.

"ಆತೇನ?"

"ಆತ್ರಿ."

ಹೊರಗೆ ಬಂದು ಚಹಾ ಕುಡಿಯುವಾಗ ಚಾಚಾ ತಾವಾಗಿಯೇ ಹೇಳಿದರು: "ಬೇಟಾ, ಆ ಹೋರಿ ಭಿ ಹಂಗs. ಹಿಂದಿಂದ ಬಂದ್ರ ಯಾರಂತ ಅದಕ್ಕ ಹ್ಯಾಂಗ ತಿಳೀಬೇಕು? ನಿಮಗ ಹೆದರಿ ಗೋಣು ಕೊಡವ್ಯದ. ಕೆಡವಿದ್ರ ಇನ್ನಾ ಹೆದರ್ತದ. ಸಾಯೋತನಕ ಆಸ್ಪತ್ರಿಯವ್ರ ವಾಸ್ನಿ ಮರಿಯಂಗಿಲ್ಲ." ಚಹಾದ ಕಪ್ಪು ಕೆಳಗಿಟ್ಟು, "ಆದ್ರ ನಾ ನಿಮ್ ಜಾಗಾದಾಗ ಇದ್ದಿದ್ರ ಆ ಮನಿಗೇ ಹೋಗ್ತಿದ್ದಿಲ್ಲ" ಎಂದರು.

ವಾರವಿಡೀ ಆಸ್ಪತ್ರೆಯ ಊರಿನಲ್ಲೇ ಇರುತ್ತಿದ್ದ ನಾನು ಶನಿವಾರ ಆಳಂದಕ್ಕೆ ಹೋದೆ. ಪ್ರತಿ ವರ್ಷ ಸಭೆಯ ಗೋದಲಿ ಕಟ್ಟುವುದು ನಮ್ಮ ಮನೆಯ ಪಾಳಿ. ಅಪ್ಪ ಬದುಕಿದ್ದಾಗ ಅವನು ಕಟ್ಟುತ್ತಿದ್ದ, ಈಗ ನಾನು. ಜೋಳದ ಕಣಿಕೆಯ ಸೂರು, ಅದರ ಕೆಳಗೆ ಮಣ್ಣಿನ ಮೂರ್ತಿಗಳು: ಕೂಸು, ತಾಯಿ, ತಂದೆ, ಕುರುಬರು, ಕುರಿ, ಒಂದು ಎತ್ತು. ಅವ್ವನ ಹಳೆಯ ಟ್ರಂಕಿನಿಂದ ಒಂದೊಂದನ್ನೇ ತೆಗೆದು ಬಟ್ಟೆಯಿಂದ ಒರೆಸಿ ಬುಟ್ಟಿಯಲ್ಲಿಟ್ಟೆ. ಎತ್ತನ್ನು ಮಾತ್ರ ಮತ್ತೆ ಟ್ರಂಕಿನೊಳಗೆ ಇಟ್ಟುಬಿಟ್ಟೆ. ಗೇಣುದ್ದದ ಮಣ್ಣಿನ ಎತ್ತು. ಅದರ ಒಂದು ಕೊಂಬು ನಾನು ಹುಟ್ಟುವ ಮೊದಲೇ ಮುರಿದಿತ್ತು.

ಅವ್ವ ನೋಡಿದಳು.

"ಅದಕ್ಕೂ ಹೆದರಿಕಿ ಏನ?"

ಆಗ ಅತ್ತುಬಿಟ್ಟೆ. ಪಕ್ಕೆಯ ನೋವಿಗೆ ಅತ್ತಿರಲಿಲ್ಲ, ಜನರ ಚೇಷ್ಟೆಗೆ ಅತ್ತಿರಲಿಲ್ಲ. ಒಂಟಿ ಕೊಂಬಿನ ಮಣ್ಣಿನ ಎತ್ತಿನ ಮುಂದೆ ಕೂತು ಹಸುಳೆಯಂತೆ ಅತ್ತೆ. "ದಿನಾ ಪ್ರಾರ್ಥನಿ ಮಾಡ್ತೀನಿ ಯವ್ವಾ. ಹೆದರಿಕಿ ಹೋಗವಲ್ದು. ನನಗ ನಂಬಿಕಿನೇ ಇಲ್ಲೇನೋ. ಕಚೇರ್ಯಾಗ ಕುಂತು ಮಾಡೋ ಕೆಲಸ ಕೊಡ್ರಿ ಅಂತ ಅರ್ಜಿ ಹಾಕ್ತೀನಿ."

"ಹಾಕು," ಎಂದಳು ಅವ್ವ. "ಅದಕ್ಕ ಮೊದ್ಲ ಒಂದ್ ಮಾತ ಹೇಳು. ಏನಂತ ಬೇಡ್ಕೊಳ್ಳಾಕತ್ತಿ?"

ಹೇಳಿದೆ. ದನದ ಸಂತೆಯ ವಿಷಯವನ್ನೂ ಹೇಳಿದೆ.

ಅವ್ವ ನಕ್ಕಳು. ಆಮೇಲೆ ಟ್ರಂಕಿನಿಂದ ಆ ಎತ್ತನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. "ಹುಚ್ಚಿ, ಎತ್ತು ತೆಗೀರಿ ಅಂತ ಬೇಡ್ಕೊಂಡ್ರ ಅಂವಾ ಹ್ಯಾಂಗ ಕೇಳ್ತಾನ? ಅಂವಾ ಕೂಸಾಗಿ ಬಂದಾಗ ಅವರವ್ವ ಅಂವನ್ನ ಎಲ್ಲಿ ಮಲಗಿಸ್ಯಾಳ? ಎತ್ತಿನ ಬಾಯಿ ಮುಂದs. ಬ್ಯಾರೆ ಜಾಗಾ ಇದ್ದಿದ್ದಿಲ್ಲ. ಎಳಿಕೂಸು, ಮ್ಯಾಲ ಕೊಂಬು. ಆ ತಾಯಿಗಿ ಹೆದರಿಕಿ ಆಗಿದ್ದಿಲ್ಲೇನ? ಆಗೇ ಇರ್ತದ. ಹೆದರಿಕೊಂತs ಮಲಗಿಸ್ಯಾಳ. ನೀನೂ ಹೆದರಿಕೊಂತs ಹೋಗು. ಹೆದರಿಕಿ ತೆಗಿ ಅನಬ್ಯಾಡ, ಸಂಗಾಟ ಬಾ ಅನ್ನು."

ಎಷ್ಟೋ ವರ್ಷದಿಂದ ಆ ಗೋದಲಿ ಕಟ್ಟಿದ್ದೇನೆ. ಕಣಿಕೆ ಎಷ್ಟು ಬೇಕು, ದೀಪ ಎಲ್ಲಿ ಇಡಬೇಕು ಎಲ್ಲ ಗೊತ್ತು. ಆ ಕೂಸು ಎತ್ತಿನ ಕೊಂಬಿನ ಅಳತೆಯೊಳಗೆ ಮಲಗಿತ್ತು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಗೋದಲಿಯಲ್ಲಿ ಬಿದ್ದು ಮೇಲೆ ನೋಡಿದವಳಿಗೆ ಮಾತ್ರ ಅದು ತಿಳಿಯುತ್ತದೆ. ಆ ಬಿಸಿ ಉಸಿರು ಅವನ ಮುಖದ ಮೇಲೂ ಬಿದ್ದಿರಬೇಕು. ಅರ್ಜಿ ಬರೆಯಲಿಲ್ಲ. ಹಾಗಂತ ಮಣ್ಣಿನ ಎತ್ತನ್ನೂ ಬುಟ್ಟಿಗೆ ಹಾಕಲಿಲ್ಲ. ನಿಜವಾದ ಎತ್ತಿನ ಹತ್ತಿರ ಹೋಗಿ ಬಂದಮೇಲೆ ಇಡುತ್ತೇನೆ ಎಂದೆ.

ಸೋಮವಾರ ಕೆಡವುವ ಹಗ್ಗವನ್ನು ಆಸ್ಪತ್ರೆಯಲ್ಲೇ ಬಿಟ್ಟೆ. ಸಾಹೇಬರಿಗೆ ಎರಡು ಮೂರು ದಿನದ ಅವಕಾಶ ಕೇಳಿದೆ. "ವಾರ ದಾಟಬಾರದು" ಎಂದರು. ಗೌಡರಿಗೆ ಫೋನು ಮಾಡಿ, "ಸೂಜಿ ತರಂಗಿಲ್ರಿ. ಬರೀ ಕೈಲೆ ಬರ್ತೀನಿ. ಜೋಡಿ ಮನ್ಯಾಗ ಇರ್ಲಿ" ಎಂದೆ. ಅವರು ಫೋನು ಹಿಡಿದೇ ಹೆಂಡತಿಯನ್ನು ಕೇಳಿದರು. ಆಮೇಲೆ, "ಬರ್ರಿ" ಎಂದರು.

ಮೊದಲ ಮುಂಜಾನೆ ಬಾಗಿಲಲ್ಲೇ ನಿಂತೆ. "ಸರದಾರಾ, ನಾ ಬಂದೇನಿ" ಎಂದೆ. ದನಿ ಬೆಕ್ಕಿನ ಮರಿಯದು. ಸರದಾರ ಕಿವಿ ತಿರುಗಿಸಿದ, ಮೇಯುವುದು ನಿಲ್ಲಿಸಲಿಲ್ಲ. ಗೌಡರ ಹೆಂಡತಿ, "ಜೋರಿಲೆ ಅನ್ರಿ, ಸಾಲಿ ಮಕ್ಕಳ ಹಾಜರಿ ಕರದಂಗ" ಎಂದರು. ಜೋರಾಗಿ ಅಂದೆ. ಆಮೇಲೆ ದನದ ಕಡೆಗೆ ಇಳಿಯದೆ ಪಡಸಾಲೆ ಹತ್ತಿ, ಗೋದಲಿಯ ಈಚೆ, ಅವನ ಎದುರಿಗೆ ಕೂತೆ. ಕುತ್ತಿಗೆಗೆ ಹಿಂದಿನಿಂದ ಹೋಗಬೇಕು ಎಂದು ಎಲ್ಲೂ ಬರೆದಿಲ್ಲ. ಗೋದಲಿಯ ಕಡೆಯಿಂದ ಬಗ್ಗಿದರೆ ಅದೇ ಕುತ್ತಿಗೆ ಕೈಗೆ ಸಿಗುತ್ತದೆ. ಸಿಗುತ್ತದೆ ಎಂದು ನೋಡಿಕೊಂಡೆ, ಕೈ ಮಾತ್ರ ಚಾಚಲಿಲ್ಲ.

ಎರಡನೆಯ ದಿನ ಹಿಂಡಿಯ ತುಂಡು ಹಿಡಿದು ಹೋದೆ. ಸರದಾರ ನಾಲಗೆ ಚಾಚಿ ನನ್ನ ಅಂಗೈ ನೆಕ್ಕಿದ. ಅರದಿಂದ ತಿಕ್ಕಿದ ಹಾಗಿತ್ತು, ಹಿಂದೆಯೇ ಆ ಬಿಸಿ ಉಸಿರು. ಕೈ ತೆಗೆಯಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿರುವಾಗ ಹೊರಗೆ ಯಾರದೋ ಟ್ರ್ಯಾಕ್ಟರು ಢಬ್ ಎಂದಿತು. ಸರದಾರ ತಲೆ ಎತ್ತಿ ಬುಸ್ ಎಂದ. ನಾನು ಕೂತಲ್ಲಿಂದ ಹಿಂದಕ್ಕೆ ಹಾರಿದ್ದು ನೇರವಾಗಿ ರೊಟ್ಟಿ ಬುಟ್ಟಿಯೊಳಗೆ. ಒಂದು ಹೊತ್ತಿನ ಅಷ್ಟೂ ಒಣಗಿಸಿದ ಕಟಿ ರೊಟ್ಟಿ ಪುಡಿಪುಡಿ.

ಗೌಡರು ಬುಟ್ಟಿ ನೋಡಿದರು, ನನ್ನ ನೋಡಿದರು. ಅವತ್ತಿನಿಂದ ಬಿಗಿದುಕೊಂಡಿದ್ದ ಅವರ ಮುಖ ಸಡಿಲಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾಯಾರ, ನಿಮಗ ಒಂದಿಲ್ಲೊಂದರಾಗ ಬೀಳೂದs ಆತು ನೋಡ್ರಿ!" ಅವರ ಹೆಂಡತಿ ಪುಡಿಯಾದ ರೊಟ್ಟಿಗೆ ಮೊಸರು, ಶೇಂಗಾ ಚಟ್ನಿಪುಡಿ ಕಲಸಿ ಎಲ್ಲರಿಗೂ ಕೊಟ್ಟರು. ನನ್ನದರಲ್ಲೊಂದಷ್ಟು ಸರದಾರನಿಗೆ ಕೊಟ್ಟೆ. ಒಂದೇ ಹೊತ್ತಿಗೆ ಉಂಡೆವು.

ಮರುದಿನ ಮಂಜುಗಡ್ಡೆಯ ಡಬ್ಬಿ, ಬಿಲ್ಲೆಯ ಯಂತ್ರ ಎರಡೂ ತಂದೆ. ಕಾಲಿಗೆ ಪಟ್ಟಿ ಕಟ್ಟಿಕೊಂಡ ಚಾಚಾ ಕುಂಟುತ್ತ ಬಂದು ಬಾಗಿಲಲ್ಲಿ ನಿಂತರು. ಮೊದಲು ಬೆಳ್ಳ್ಯಾನಿಗೆ ಹಾಕಿದೆ. ಅವನು ನಿದ್ದೆಗಣ್ಣಿನಲ್ಲೇ ಹಾಕಿಸಿಕೊಂಡ. ಸರದಾರನ ಗೋದಲಿಗೆ ಹಿಂಡಿ ಸುರಿದು, ಹೊಸ ಸೂಜಿ ಹಾಕಿ, ಎರಡು ಎಂ.ಎಲ್. ಎಳೆದು, ಗುಳ್ಳೆ ಹೊರಹಾಕಿದೆ. ಇಷ್ಟರಲ್ಲೇ ಅಂಗೈ ಬೆವರಿತ್ತು. ಹೆದರಿಕೆ ಎಲ್ಲೂ ಹೋಗಿರಲಿಲ್ಲ, ತನ್ನ ಜಾಗದಲ್ಲಿ ಕೂತೇ ಇತ್ತು.

"ಬಾಯಾರ, ಮೂಗುದಾಣ ಬಿಗಿ ಹಿಡೀಲೇನ್ರಿ?" ಗೌಡರು ಕೇಳಿದರು.

"ಬ್ಯಾಡ್ರಿ. ಅದರ ಹೆಸರು ಹಿಡಿದು ಮಾತಾಡ್ರಿ, ಸಾಕು."

ಗೌಡರು ಮಾತಾಡತೊಡಗಿದರು. ಮಗನಿಗೆ ಹೇಳುವ ಹಾಗೆ ಕಬ್ಬಿನ ಗಾಡಿಯ ವಿಷಯ, ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗುವ ವಿಷಯ. ನಾನು ಪಡಸಾಲೆಯ ಅಂಚಿನಿಂದ ಇಳಿದು ಗೋದಲಿಯ ದಂಡೆಯ ಮೇಲೆಯೇ ಕೂತೆ, ಕಾಲು ಹೊಟ್ಟಿನೊಳಗೆ. ಅವನ ಹಣೆ ನನ್ನ ಭುಜದ ಪಕ್ಕ, ಎಡಕ್ಕೊಂದು ಕೊಂಬು, ಬಲಕ್ಕೊಂದು ಕೊಂಬು. ಸ್ವಾಮೀ, ನೀನು ಮಲಗಿದ ಜಾಗದಲ್ಲಿ ಕೂತಿದ್ದೇನೆ, ಸಂಗಡ ಇರು ಎಂದೆ. ಉದ್ದದ ಪ್ರಾರ್ಥನೆಗೆ ಪುರುಸೊತ್ತಿರಲಿಲ್ಲ. ಎಡಗೈಯಿಂದ ಕುತ್ತಿಗೆ ತಟ್ಟಿ, ಬಲಗೈಯಿಂದ ಚುಚ್ಚಿ, ಒತ್ತಿ, ತೆಗೆದೆ. ಅಂಗೈಯಿಂದ ತಿಕ್ಕಿದೆ. ಸರದಾರನ ಚರ್ಮ ಒಮ್ಮೆ ಅದುರಿತು. ಹಿಂಡಿ ಮೆಲ್ಲುವುದು ನಿಲ್ಲಲಿಲ್ಲ.

"ಆತೇನ್ರಿ?" ಥೇಟ್ ಚಾಚಾ ಕೇಳಿದ ಹಾಗೆಯೇ ಗೌಡರು ಕೇಳಿದರು.

"ಸೂಜಿ ಆತ್ರಿ. ಬಿಲ್ಲಿ ಉಳಿದದ."

"ಅದು ಇನ್ನೊಂದಿನ ಹೊಡದ್ರಾತು ಬಿಡ್ರಿ. ಕಿವಿ ನೋಯ್ತದ."

ಬಿಟ್ಟುಬಿಡುವ ಆಸೆ ನನಗೂ ಇತ್ತು. ಆದರೆ ಎದ್ದರೆ ಇನ್ನೊಮ್ಮೆ ಈ ದಂಡೆಯ ಮೇಲೆ ಕೂಡುವ ಧೈರ್ಯ ಎಲ್ಲಿಂದ ತರಲಿ? ಕಿವಿಯ ನರ ತಪ್ಪಿಸಿ, ನಡುವಿನ ತೆಳು ಜಾಗ ಹುಡುಕಿ, ಯಂತ್ರ ಒತ್ತಿದೆ. ಟಕ್. ಸರದಾರ ತಲೆ ಕೊಡವಿದ. ಕೊಂಬು ಗಾಳಿ ಸೀಳಿಕೊಂಡು ನನ್ನ ಕಿವಿಯ ಪಕ್ಕದಲ್ಲೇ ಹೋಯಿತು, ಮಂಜುಗಡ್ಡೆಯ ಡಬ್ಬಿ ಉರುಳಿ ಬಿತ್ತು. ಯಾರೋ ಚೀರಿದರು. ನಾನು ಅಲ್ಲ. ನಾನು ಕೂತಲ್ಲೇ ಇದ್ದೆ, ಅವನ ಕುತ್ತಿಗೆಯ ಮೇಲೆ ಕೈಯಿಟ್ಟು. "ಸರದಾರಾ, ನಾನs ಅದೀನಿ. ನಾನs" ಎನ್ನುತ್ತಿದ್ದೆ. ಅವನು ಇನ್ನೊಮ್ಮೆ ಕಿವಿ ಬಡಿದು, ಒಮ್ಮೆ ಬುಸ್ ಎಂದು, ನನ್ನ ಮೊಣಕಾಲಿನ ಪಕ್ಕದ ಹಿಂಡಿಗೆ ಬಾಯಿ ಹಾಕಿದ. ಕಿವಿಯಲ್ಲಿ ಹಳದಿ ಬಿಲ್ಲೆ ತೂಗಾಡುತ್ತಿತ್ತು.

ಚೀರಿದವರು ಚಾಚಾ. ಹೊಸ್ತಿಲ ಮೇಲೆ ಕುಕ್ಕರಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಗೌಡರು ಎತ್ತಿನ ಬೆನ್ನಿಗೆ ಮುಖ ಒತ್ತಿದರು. ಆಮೇಲೆ ಹೊರಗೆ ಹೋಗಿ ಓಣಿಗೆಲ್ಲ ಕೇಳುವ ಹಾಗೆ, "ಬಾಯಾರು ಸರದಾರನ ಎರಡೂ ಕೊಂಬಿನ ನಡಬರಕ ಕುಂತು ಬಿಲ್ಲಿ ಹೊಡದ್ರು! ಹಾಯೋ ಎತ್ತು ಅನ್ನೋರು ಈಗ ಅನ್ರಿ!" ಎಂದು ಕೂಗಿದರು. ಸರದಾರನ ಹೆಸರು ಅವತ್ತು ತೊಳೆದುಹೋಯಿತು. ಬೇನೆ ಮುಂದೆ ನಮ್ಮ ಕಡೆಗೂ ಬಂತು. ಸಂಕ್ರಾಂತಿ ಕಳೆದ ಮೇಲೆ ಕಬ್ಬಿನ ಸಾಲಿನಲ್ಲಿ ಬೇರೆ ಊರಿನ ಕೆಲವು ಎತ್ತು ಕುಂಟಿದವು. ಸರದಾರ ಕುಂಟಲಿಲ್ಲ, ಬೆಳ್ಳ್ಯಾನೂ ಕುಂಟಲಿಲ್ಲ.

ಅವತ್ತು ಲಸಿಕೆ ಮುಗಿಸಿ ಹೊರಡುವಾಗ ಗೌಡರ ಹೆಂಡತಿ ಕೇಳಿದರು: "ನಿಮ್ ದೇವ್ರು ಗ್ವಾದ್ಲ್ಯಾಗ ಹುಟ್ಟ್ಯಾನಂತಲ್ರಿ, ಖರೆ ಏನ್ರಿ? ಕೆಳಗ ಏನ್ ಹಾಸಿದ್ರು?"

"ದನದ ಮೇವೇ ಹಾಸಿರ್ಬೇಕ್ರಿ."

ಅವರು ಒಳಗೆ ಹೋಗಿ ಒಂದು ಹಳೆಯ ಸೀರೆಯ ತುಂಡು ತಂದರು. ಸರದಾರನ ಗೋದಲಿಯಿಂದಲೇ ಎರಡು ಬೊಗಸೆ ಹೊಟ್ಟು ತುಂಬಿ, ಗಂಟು ಕಟ್ಟಿ ನನ್ನ ಕೈಗಿಟ್ಟರು. "ಮೆತ್ತಗದ. ಕೂಸಿಗಿ ಚುಚ್ಚಂಗಿಲ್ಲ. ನಮ್ಮವು ಅಂತ ಹೇಳಿ ಹಾಸ್ರಿ."

ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಶನಿವಾರ ಆಳಂದದ ಬಸ್ಸು ಹತ್ತಿದೆ. ಸಂಜೆ ಅವ್ವನೂ ನಾನೂ ಸಭೆಗೆ ಹೋದೆವು. ಗೋದಲಿಗೆ ಸರದಾರನ ಹೊಟ್ಟು ಹಾಸಿ ಅದರ ಮೇಲೆ ಕೂಸನ್ನು ಮಲಗಿಸಿದೆ. ಆಮೇಲೆ ಚೀಲದಿಂದ ಮಣ್ಣಿನ ಎತ್ತನ್ನು ತೆಗೆದೆ. ಅಪ್ಪ ಅದನ್ನು ಯಾವಾಗಲೂ ಮೂಲೆಯಲ್ಲಿ, ಕೊಂಬು ಗೋಡೆಯ ಕಡೆಗೆ ಬರುವಂತೆ ಇಡುತ್ತಿದ್ದ. ನಾನು ಕೂಸಿನ ನೇರಕ್ಕೆ, ಉಸಿರು ತಾಗುವಷ್ಟು ಹತ್ತಿರಕ್ಕೆ ತಂದು ನಿಲ್ಲಿಸಿದೆ.

ಅವ್ವ ದೀಪ ಹಿಡಿದು ಬಗ್ಗಿ ನೋಡಿದಳು.

"ಏ ಹುಡುಗಿ, ಇದರ ಕಿವ್ಯಾಗ ಹಳದಿ ಬಣ್ಣ ಯಾಕ ಹಚ್ಚೀದಿ?"

"ಇದರದೂ ಸೂಜಿ ಆಗ್ಯದ ಯವ್ವಾ," ಎಂದೆ. "ಹಾಯಂಗಿಲ್ಲ."